ನ್ಯೂ ಟೌನಿನ ರಾಗಿ ಕಲ್ಲು

‘ರಾಮ ಆಳಿದರೇನು, ರಾವಣ ಆಳಿದರೇನು, ರಾಗಿ ಬೀಸೋದು ತಪ್ಪೀತೇ?’ ಚುನಾವಣೆ ಬಂದಾಗಲೆಲ್ಲ ಟೀ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ನೀರಿನ ನಲ್ಲಿಯ ಮುಂದೆ ಈ ಗಾದೆ ಯಾರದಾದರೂ ಬಾಯಿಂದ ಬಂದೇ ಬರುತ್ತದೆ. ಭದ್ರಾವತಿಯ ನ್ಯೂ ಟೌನಿನಲ್ಲಿ ಅದಕ್ಕೊಂದು ಬೇರೆಯೇ ಅರ್ಥ ಸೇರಿಕೊಂಡಿದೆ. ಅಲ್ಲಿಗೆ ಹೋಗುವ ಮೊದಲು ಗಾದೆಯನ್ನು ಒಮ್ಮೆ ಬಿಡಿಸಿ ನೋಡಬೇಕು.

ಆಡಿದವರು ಯಾರೆಂಬುದು ಗಾದೆಯ ಒಳಗೇ ಇದೆ. ರಾಗಿ ಬೀಸುತ್ತಿದ್ದವರು ಹೆಂಗಸರು. ನಸುಕಿಗೆ ಎದ್ದು, ಕಾಲು ಚಾಚಿ ಕೂತು, ಒಂದು ಕೈಯಲ್ಲಿ ಹಿಡಿ ಹಿಡಿಯಾಗಿ ರಾಗಿಯನ್ನು ಮೇಲ್ಗಲ್ಲಿನ ಬಾಯಿಗೆ ಹಾಕುತ್ತ, ಇನ್ನೊಂದು ಕೈಯಲ್ಲಿ ಗೂಟ ಹಿಡಿದು ತಿರುಗಿಸಬೇಕು. ಹಿಟ್ಟು ಕಲ್ಲಿನ ಸುತ್ತ ಉದುರುತ್ತದೆ. ಮನೆಮಂದಿಯ ಮುದ್ದೆಗೆ ಸಾಲುವಷ್ಟು ಆಗುವವರೆಗೆ ಏಳುವಂತಿಲ್ಲ. ಅಂಗೈಗೆ ಬೊಬ್ಬೆ ಬಂದರೂ ನಾಳೆ ಮತ್ತೆ ಅದೇ ಕಲ್ಲು. ಹಾಗೆ ಕೂತವಳಿಗೆ ಪಟ್ಟದ ಮೇಲೆ ಯಾರು ಕೂತಿದ್ದಾರೆ ಎಂಬ ಸುದ್ದಿ ತಲುಪುತ್ತದೆ. ಅವಳು ಕೈ ನಿಲ್ಲಿಸದೆ ಹೇಳಿದ ಮಾತಿದು.

ರಾಮನೂ ರಾವಣನೂ ಒಂದೇ ಎಂದು ಅವಳು ಹೇಳಲಿಲ್ಲ. ಒಳ್ಳೆಯವನು ಯಾರು, ಕೆಟ್ಟವನು ಯಾರು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಅರಮನೆಯಲ್ಲಾದ ಬದಲಾವಣೆ ತನ್ನ ಕಲ್ಲಿನವರೆಗೆ ಬಂದು ಮುಟ್ಟುವುದಿಲ್ಲ ಎಂಬುದಷ್ಟೇ ಅವಳ ದೂರು. ಆ ದೂರನ್ನೂ ಅವಳು ‘ತಪ್ಪುವುದಿಲ್ಲ’ ಎಂದು ಕಡ್ಡಿ ಮುರಿದಂತೆ ಹೇಳಿಲ್ಲ. ‘ತಪ್ಪೀತೇ’ ಎಂದು ಕೇಳಿದ್ದಾಳೆ. ವ್ಯಾಕರಣ ಓದಿದವರು ಇದನ್ನು ಸಂಭಾವನಾರ್ಥಕ ಎನ್ನುತ್ತಾರೆ. ತಪ್ಪಬಹುದೇನೋ ಎಂಬ ಸಣ್ಣ ಆಸೆ ಆ ಕ್ರಿಯಾಪದದ ಕೊನೆಯಲ್ಲಿ ಇನ್ನೂ ಉಳಿದಿದೆ. ಗಾದೆಯನ್ನು ಬಳಸುವವರು ಸಾಮಾನ್ಯವಾಗಿ ಇದನ್ನು ಗಮನಿಸುವುದಿಲ್ಲ.

ಇನ್ನು ಭದ್ರಾವತಿ. ಹಿಂದೆ ಬೆಂಕಿಪುರ ಎನ್ನಿಸಿಕೊಂಡಿದ್ದ ಈ ಊರು ಇವತ್ತು ಮೂರು ಊರುಗಳಂತೆ ಹರಡಿಕೊಂಡಿದೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವುದು ಹಳೇನಗರ. ಉಕ್ಕಿನ ಕಾರ್ಖಾನೆಯ ಜೊತೆ ಬೆಳೆದದ್ದು ನ್ಯೂ ಟೌನ್. ಎಂಪಿಎಂ ಕಾಗದ ಕಾರ್ಖಾನೆ ಕಟ್ಟಿಕೊಟ್ಟದ್ದು ಪೇಪರ್ ಟೌನ್. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಆಸಕ್ತಿಯಿಂದ 1918ರಲ್ಲಿ ರೂಪುಗೊಂಡ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉರಿಯಲು ಶುರುವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು. ಮೊದಲ ವರ್ಷಗಳಲ್ಲಿ ಅದು ನಷ್ಟದಲ್ಲೇ ಇತ್ತು. ಆಗ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದ ವಿಶ್ವೇಶ್ವರಯ್ಯನವರು ಅದನ್ನು ದಡ ಹತ್ತಿಸಿದರು. ತಮಗೆ ಬರಬೇಕಿದ್ದ ಸಂಭಾವನೆಯನ್ನು ಬೆಂಗಳೂರಿನ ಒಂದು ವೃತ್ತಿಶಿಕ್ಷಣ ಸಂಸ್ಥೆಗೆ ಬಿಟ್ಟುಕೊಟ್ಟರು. ಸರ್ಕಾರ ಎಂಬುದರ ಮೇಲೆ ಈ ಊರಿಗೆ ನಂಬಿಕೆ ಹುಟ್ಟಿದ್ದು ಹೀಗೆ. ಸರ್ಕಾರ ಇಲ್ಲಿ ಕೆಲಸ ಕೊಟ್ಟಿತು, ಕ್ವಾರ್ಟರ್ಸ್ ಕೊಟ್ಟಿತು, ಆಸ್ಪತ್ರೆ, ಶಾಲೆ, ಆಟದ ಮೈದಾನ ಕೊಟ್ಟಿತು. ತಮಿಳು, ತೆಲುಗು, ಮಲಯಾಳ, ಉರ್ದು ಮಾತಾಡುವ ಕುಟುಂಬಗಳು ದೂರದಿಂದ ಬಂದು ಇದೇ ನಂಬಿಕೆಯ ಮೇಲೆ ಇಲ್ಲಿ ನೆಲೆಸಿದವು.

ಆಮೇಲಿನದು ಕರಗುತ್ತ ಬಂದ ಕಥೆ. 1989ರಲ್ಲಿ ಕಾರ್ಖಾನೆ ಸೈಲ್‌ನ, ಅಂದರೆ ಭಾರತೀಯ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಹೋಯಿತು. 1998ರಲ್ಲಿ ಅದರಲ್ಲೇ ವಿಲೀನವಾಯಿತು. ಹತ್ತಿರದ ಅದಿರು ನಿಂತಿತು. ಸ್ವಂತ ಗಣಿಯಿಂದ ಅದಿರು ಬರಲಿಲ್ಲ. ದೊಡ್ಡ ಬಂಡವಾಳ ಹರಿಯಲಿಲ್ಲ. 2016ರಲ್ಲಿ ಕೇಂದ್ರ ಸಂಪುಟ ಬಂಡವಾಳ ಹಿಂತೆಗೆತಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ಕೊಳ್ಳುವವರು ಮುಂದೆ ಬರಲಿಲ್ಲ. 2022ರಲ್ಲಿ ಮಾರಾಟದ ಪ್ರಯತ್ನವನ್ನು ಕೈಬಿಟ್ಟರು. 2023ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ತುಂಬಿದ ತಿಂಗಳಲ್ಲೇ, ಮುಚ್ಚುವ ತೀರ್ಮಾನ ಬಂತು. ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದರ ಮರುತಿಂಗಳು, ಫೆಬ್ರುವರಿ 27ರಂದು, ಸೋಗಾನೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಎಂಪಿಎಂ ಯಂತ್ರಗಳು ಅಷ್ಟರಲ್ಲಾಗಲೇ ಹಲವು ವರ್ಷಗಳಿಂದ ನಿಂತಿದ್ದವು. 1936ರಲ್ಲಿ ಶುರುವಾಗಿ, ಪತ್ರಿಕೆಗಳಿಗೆ ಕಾಗದ ಒದಗಿಸುತ್ತಿದ್ದ ಕಾರ್ಖಾನೆ ಅದು.

ಈ ಅವಧಿಯಲ್ಲಿ ದೆಹಲಿಯಲ್ಲಿ ಕಾಂಗ್ರೆಸ್ ಆಳಿತು, ಸಂಯುಕ್ತ ರಂಗ ಆಳಿತು, ಬಿಜೆಪಿ ಆಳಿತು. ಬೆಂಗಳೂರಿನಲ್ಲಿ ಜನತಾದಳವೂ ಸೇರಿ ಎಲ್ಲರೂ ಆಳಿದರು. ಭದ್ರಾವತಿ ಇರುವ ಶಿವಮೊಗ್ಗ ಜಿಲ್ಲೆಯೇನು ಕಡೆಗಣಿಸಲ್ಪಟ್ಟ ಜಿಲ್ಲೆಯಲ್ಲ. ಕಡಿದಾಳ್ ಮಂಜಪ್ಪ, ಎಸ್. ಬಂಗಾರಪ್ಪ, ಆಗ ಇದೇ ಜಿಲ್ಲೆಗೆ ಸೇರಿದ್ದ ಚನ್ನಗಿರಿಯ ಜೆ.ಎಚ್. ಪಟೇಲ್, ಬಿ.ಎಸ್. ಯಡಿಯೂರಪ್ಪ, ಹೀಗೆ ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟ ನೆಲ ಇದು. ಅಷ್ಟಿದ್ದೂ ನ್ಯೂ ಟೌನಿನ ಕುಲುಮೆ ಆರುತ್ತ ಹೋಯಿತು ಎಂದಾಗ ರಾಮ ಯಾರು ರಾವಣ ಯಾರು ಎಂಬ ಚರ್ಚೆಯಲ್ಲಿ ಇಲ್ಲಿಯ ಜನಕ್ಕೆ ರುಚಿ ಉಳಿಯದಿದ್ದರೆ ಅವರನ್ನು ದೂರಲಾಗದು.

ಗಾದೆಯ ಅರ್ಥ ಇಲ್ಲಿ ತಿರುಗಿ ಬೀಳುತ್ತದೆ. ಹಳೆಯ ಕಾಲದ ಹೆಂಗಸಿಗೆ ಬೀಸುವುದು ತಪ್ಪದಿರುವುದೇ ಕಷ್ಟ. ನ್ಯೂ ಟೌನಿನ ಗುತ್ತಿಗೆ ಕಾರ್ಮಿಕನ ಕಷ್ಟ ಬೀಸುವುದೇ ತಪ್ಪಿಹೋದದ್ದು. ಕಲ್ಲು ಇದೆ, ತೋಳಿನಲ್ಲಿ ಶಕ್ತಿ ಇದೆ, ರಾಗಿ ಬರುತ್ತಿಲ್ಲ. ಯಾರು ಆಳಿದರೂ ನಾಳೆ ದುಡಿಮೆ ಇದ್ದೇ ಇದೆ ಎಂಬ ಭರವಸೆಯ ಮೇಲೆ ಆ ಗಾದೆ ನಿಂತಿತ್ತು. ಆ ಭರವಸೆಯೂ ಹೋದ ಊರಿನ ನಿರಾಸೆ ಗಾದೆಯ ನಿರಾಸೆಗಿಂತ ಆಳವಾದದ್ದು.

ಹಾಗೆಂದು ಈ ಊರು ಮತಗಟ್ಟೆಗೆ ಬೆನ್ನು ಹಾಕಲಿಲ್ಲ. ಪಕ್ಷಗಳಿಗೆ ಹಾಕಿತು. 1994ರಲ್ಲಿ ಭದ್ರಾವತಿ ವಿಧಾನಸಭಾ ಕ್ಷೇತ್ರದಿಂದ ಗೆದ್ದದ್ದು ಪಕ್ಷೇತರ ಅಭ್ಯರ್ಥಿ ಎಂ.ಜೆ. ಅಪ್ಪಾಜಿ. 1999ರಲ್ಲೂ ಅವರೇ, ಆಗಲೂ ಪಕ್ಷೇತರರಾಗಿಯೇ. 2004ರಲ್ಲಿ ಗೆದ್ದದ್ದು ಬಿ.ಕೆ. ಸಂಗಮೇಶ್ವರ, ಅವರೂ ಪಕ್ಷೇತರ. ಮೂರು ಚುನಾವಣೆಗಳಲ್ಲಿ ಸತತವಾಗಿ ಎಲ್ಲ ಪಕ್ಷಗಳನ್ನೂ ಬದಿಗೆ ಸರಿಸಿದ ಕ್ಷೇತ್ರಗಳು ಕರ್ನಾಟಕದಲ್ಲಿ ಹುಡುಕಿದರೂ ಹೆಚ್ಚು ಸಿಗಲಾರವು. ಮುಂದೆ ಒಬ್ಬರು ಜೆಡಿಎಸ್‌ಗೆ, ಇನ್ನೊಬ್ಬರು ಕಾಂಗ್ರೆಸ್‌ಗೆ ಸೇರಿದರೂ ಸ್ಪರ್ಧೆ ಅದೇ ಎರಡು ಹೆಸರುಗಳ ನಡುವೆ ಉಳಿಯಿತು. ಅಪ್ಪಾಜಿ 2020ರಲ್ಲಿ ತೀರಿಕೊಂಡರು. 2023ರಲ್ಲಿ ಅವರ ಪತ್ನಿ ನಿಂತರು. ಸಂಗಮೇಶ್ವರ ಮೂರು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಗೆದ್ದರು. ಯಡಿಯೂರಪ್ಪನವರ ಜಿಲ್ಲೆಯಾದರೂ ಇಲ್ಲಿ ವಿಧಾನಸಭೆಗೆ ಕಮಲ ಅರಳಿಲ್ಲ.

ಇದನ್ನು ಕೆಲವರು ವ್ಯಕ್ತಿಪೂಜೆ ಎಂದು ತಳ್ಳಿಹಾಕುತ್ತಾರೆ. ಹಾಗೆ ತಳ್ಳಿಹಾಕುವುದು ತಪ್ಪು. ಕಾರ್ಖಾನೆಯ ಹಣೆಬರಹ ಬರೆಯುವ ಕಡತ ದೆಹಲಿಯಲ್ಲಿದೆ. ಆ ಕಡತದ ಹತ್ತಿರ ನ್ಯೂ ಟೌನಿನ ಮತದಾರ ಹೋಗಲಾರ. ಅವನ ಕೈಗೆ ಎಟುಕುವುದು ರಾತ್ರಿ ಹನ್ನೆರಡಕ್ಕೆ ಬಾಗಿಲು ತಟ್ಟಿದರೂ ಎದ್ದು ಬರುವ ಮನುಷ್ಯ. ಠಾಣೆಗೆ ಒಂದು ಫೋನು, ಆಸ್ಪತ್ರೆಗೆ ಒಂದು ಚೀಟಿ, ಮಗಳ ಮದುವೆಗೆ ಒಂದು ನೆರವು. ದೊಡ್ಡದು ಸಿಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಸಣ್ಣದಾದರೂ ಖಾತ್ರಿಯಾಗಿ ಸಿಗಲಿ ಎಂದು ಲೆಕ್ಕ ಹಾಕಿ ಹಾಕಿದ ಮತ ಅದು. ಆದರೆ ಆ ಲೆಕ್ಕಕ್ಕೆ ಒಂದು ಮಿತಿಯಿದೆ: ಬಾಗಿಲು ತೆರೆಯುವ ಒಳ್ಳೆಯ ಮನುಷ್ಯನೊಬ್ಬನೇ ಸೈಲ್ ಮಂಡಳಿಯ ತೀರ್ಮಾನವನ್ನು ತಿರುಗಿಸಲಾರ.

ಜನರ ಪರವಾಗಿ ನಾನೊಬ್ಬನೇ ಎಂದು ಹೇಳುವ ನಾಯಕತ್ವ ಈ ಜಿಲ್ಲೆಗೆ ಹೊಸದಲ್ಲ. ಬಂಗಾರಪ್ಪ ಮುಖ್ಯಮಂತ್ರಿಯಾಗಿದ್ದಾಗ ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಕೊಟ್ಟರು. ಆಶ್ರಯ, ಆರಾಧನಾ, ವಿಶ್ವ ಯೋಜನೆಗಳು, ಗ್ರಾಮೀಣ ಕೃಪಾಂಕ ಎಲ್ಲ ಅವರ ಕಾಲದವು. ಅದಾದ ಮೇಲೆ ಶಿವಮೊಗ್ಗದಿಂದ ಲೋಕಸಭೆಗೆ ಅವರು 1996ರಲ್ಲಿ ಸ್ವಂತ ಪಕ್ಷದಿಂದ, 1999ರಲ್ಲಿ ಕಾಂಗ್ರೆಸ್‌ನಿಂದ, 2004ರಲ್ಲಿ ಬಿಜೆಪಿಯಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ ಗೆದ್ದರು. ನಾಲ್ಕು ಚಿಹ್ನೆ, ಒಬ್ಬರೇ ವ್ಯಕ್ತಿ. ಜನ ಚಿಹ್ನೆಗೆ ಬೆಲೆ ಕೊಡುವುದನ್ನು ಎಂದೋ ಬಿಟ್ಟಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 2009ರಿಂದ 2024ರವರೆಗೆ ಈ ಲೋಕಸಭಾ ಕ್ಷೇತ್ರದ ಪ್ರತಿ ಚುನಾವಣೆಯಲ್ಲೂ ಒಂದು ಕಡೆ ಯಡಿಯೂರಪ್ಪನವರ ಮನೆ, ಇನ್ನೊಂದು ಕಡೆ ಬಂಗಾರಪ್ಪನವರ ಮನೆ ಕಣದಲ್ಲಿದ್ದವು. ಬಂಗಾರಪ್ಪನವರ ಮನೆಯಿಂದ ತಂದೆಯ ನಂತರ ಮಗಳು, ಮಗಳ ನಂತರ ಮಗ, ಮತ್ತೆ ಮಗಳು. ಆಯ್ಕೆಯ ಪಟ್ಟಿ ಇಷ್ಟು ಗಿಡ್ಡವಾದರೆ ಗಾದೆ ತಾನಾಗಿ ನಾಲಿಗೆಗೆ ಬರುತ್ತದೆ.

2023ರಲ್ಲಿ ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳು ಬಂದವು. ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ, ಹೆಂಗಸರಿಗೆ ಬಸ್ಸು ಉಚಿತ, 200 ಯೂನಿಟ್‌ವರೆಗೆ ವಿದ್ಯುತ್ ಉಚಿತ. ಇವನ್ನು ಬಿಟ್ಟಿ ಭಾಗ್ಯ ಎಂದು ಹೀಗಳೆಯುವವರು ಕೆಲಸ ಹೋದ ಮನೆಯ ಅಡುಗೆಕೋಣೆಯನ್ನು ನೋಡಿದವರಲ್ಲ. ತಿಂಗಳ ಕೊನೆಯ ವಾರದಲ್ಲಿ ಆ ದುಡ್ಡು ಹಾಲಾಗುತ್ತದೆ, ಮಾತ್ರೆಯಾಗುತ್ತದೆ, ಮಗುವಿನ ನೋಟ್‌ಬುಕ್ ಆಗುತ್ತದೆ. ನೇರವಾಗಿ ಕೈಗೆ ತಲುಪಿದ ಸರ್ಕಾರ ಅದು. ಆದರೂ ಒಂದು ಸಂಗತಿ ಮನಸ್ಸಿಗೆ ನಾಟುತ್ತದೆ. ಕೆಲಸವಿಲ್ಲದ ಪದವೀಧರರಿಗೆ ಎರಡು ವರ್ಷದವರೆಗೆ ತಿಂಗಳಿಗೆ 3000, ಡಿಪ್ಲೊಮಾ ಮಾಡಿದವರಿಗೆ 1500 ರೂಪಾಯಿ ಕೊಡುವ ಯುವನಿಧಿಗೆ ಚಾಲನೆ ಸಿಕ್ಕಿದ್ದು 2024ರ ಜನವರಿ 12ರಂದು, ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲಿ. ಡಿಪ್ಲೊಮಾ ಮಾಡಿದ ಹುಡುಗರಿಗೆ ಒಂದು ಕಾಲದಲ್ಲಿ ಪಕ್ಕದ ಭದ್ರಾವತಿಯ ಗೇಟು ತೆರೆದಿತ್ತು. ಹಿಟ್ಟು ಮನೆಗೆ ಬಂತು, ಕಲ್ಲು ನಿಂತೇ ಇದೆ. ಹಿಟ್ಟು ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ. ಹಿಟ್ಟು ಕೊಟ್ಟೆವಲ್ಲ, ಕಲ್ಲಿನ ಮಾತೇಕೆ ಎನ್ನುವ ಹಕ್ಕೂ ಯಾವ ಪಕ್ಷಕ್ಕೂ ಇಲ್ಲ.

ಕುಲುಮೆ ಆರಿದ ಊರುಗಳು ಬೇರೆ ದೇಶಗಳಲ್ಲೂ ಹೀಗೇ ತೊಳಲಾಡಿವೆ. ಇಂಗ್ಲೆಂಡಿನ ರೆಡ್‌ಕಾರ್ ಪಟ್ಟಣದ ಉಕ್ಕಿನ ಕಾರ್ಖಾನೆ 2015ರಲ್ಲಿ ಮುಚ್ಚಿತು. ಮರುವರ್ಷ ಆ ಭಾಗದ ಜನ ಯುರೋಪಿಯನ್ ಒಕ್ಕೂಟದಿಂದ ಹೊರಬರಲು ದೊಡ್ಡ ಬಹುಮತ ಕೊಟ್ಟರು. 2019ರಲ್ಲಿ ಕ್ಷೇತ್ರ ಲೇಬರ್ ಪಕ್ಷದ ಕೈತಪ್ಪಿ ಕನ್ಸರ್ವೇಟಿವ್ ಪಕ್ಷಕ್ಕೆ ಹೋಯಿತು. 2024ರಲ್ಲಿ ಮತ್ತೆ ಲೇಬರ್‌ಗೆ ಬಂತು. ಮಗ್ಗುಲು ಬದಲಿಸಿದ್ದೇ ಬದಲಿಸಿದ್ದು, ಕುಲುಮೆ ಹೊತ್ತಲಿಲ್ಲ.

ಹಾಗಾದರೆ ಗಾದೆ ಹೇಳಿದ್ದೇ ಕೊನೆಯೇ? ಶಿವಮೊಗ್ಗ ಜಿಲ್ಲೆಯ ಇತಿಹಾಸ ಅಲ್ಲ ಎನ್ನುತ್ತದೆ. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು. ಜಗಳ ಹತ್ತಿದ್ದು ಒಂದು ಕೊಳಗದ ಬಗ್ಗೆ. ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದು. ಪ್ರತಿ ಅಳತೆಯಲ್ಲೂ ಗೇಣಿದಾರನ ಭತ್ತ ಒಂದಿಷ್ಟು ಹೆಚ್ಚು ಹೋಗುತ್ತಿತ್ತು. ಎಚ್. ಗಣಪತಿಯಪ್ಪನವರು ಆ ಜನರನ್ನು ಒಗ್ಗೂಡಿಸಿದರು. ಸಮಾಜವಾದಿಗಳು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಸಾಗರ–ಹೊಸನಗರದಿಂದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಗೆದ್ದು ಹೋದರು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆಯ ತಿದ್ದುಪಡಿ ಕಾನೂನನ್ನು ಜಾರಿಗೆ ತಂದಿತು. ಉಳುವವನು ಹೊಲದ ಒಡೆಯನಾದ. ಕಾಗೋಡಿನ ಗೇಣಿದಾರರು ಯಾರು ರಾಮ ಎಂದು ಹುಡುಕುತ್ತ ಕೂರಲಿಲ್ಲ. ಕೊಳಗ ಎಷ್ಟು ದೊಡ್ಡದು ಎಂದು ಕೇಳಿದರು. ಆ ಪ್ರಶ್ನೆಯನ್ನು ಎರಡು ದಶಕ ಬಿಡದೆ ಹಿಡಿದದ್ದರಿಂದ ಅದು ಕಾನೂನಾಯಿತು. ‘ತಪ್ಪೀತೇ’ ಎಂಬುದಕ್ಕೆ ಒಮ್ಮೆ ‘ತಪ್ಪಿತು’ ಎಂಬ ಉತ್ತರ ಇದೇ ಜಿಲ್ಲೆಯಲ್ಲಿ ಸಿಕ್ಕಿದೆ.

ನ್ಯೂ ಟೌನಿನ ಕೊಳಗ ಯಾವುದು ಎಂಬುದೂ ಗುಟ್ಟಲ್ಲ. ಧರಣಿಯ ಒತ್ತಡದ ನಂತರ 2023ರ ಆಗಸ್ಟ್‌ನಲ್ಲಿ ಕಾರ್ಖಾನೆಯ ಬಾರ್ ಮಿಲ್ ಮತ್ತೆ ಓಡಿತು. 2024ರ ಜೂನ್ ಕೊನೆಗೆ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಬಂದು ನೋಡಿ ಪುನಶ್ಚೇತನದ ಭರವಸೆ ಕೊಟ್ಟರು. ಭರವಸೆಯನ್ನು ಅಳೆಯುವ ಅಳತೆ ಮೂರು: ಅದಿರಿನ ಗಣಿ ಯಾವಾಗ ತೆರೆಯುತ್ತದೆ, ಬಂಡವಾಳದ ಮೊದಲ ಕಂತು ಯಾವ ವರ್ಷ ಬರುತ್ತದೆ, ಗುತ್ತಿಗೆ ಕಾರ್ಮಿಕನಿಗೆ ತಿಂಗಳಲ್ಲಿ ಎಷ್ಟು ದಿನ ಕೆಲಸ. ಮುಂದಿನ ಸಲ ನ್ಯೂ ಟೌನಿನ ಕ್ವಾರ್ಟರ್ಸ್ ಸಾಲಿಗೆ ಕೈಮುಗಿದು ಬರುವವರು ಯಾವ ಪಕ್ಷದವರೇ ಆಗಿರಲಿ, ಪಕ್ಷವಿಲ್ಲದವರೇ ಆಗಿರಲಿ, ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಈ ಮೂರನ್ನೂ ಕೇಳಿ. ಕೊಟ್ಟ ಉತ್ತರವನ್ನು ತಾರೀಖಿನ ಸಮೇತ ಬರೆದಿಟ್ಟುಕೊಳ್ಳಿ.