ವಾದ್ಯ ಯಾರಿಗಾಗಿ?

ಸಂಗೀತ ಕಲಿಯುವ ಮಗುವಿಗೆ ಯಾವ ವಾದ್ಯ ಕೊಡಿಸಬೇಕು ಎಂಬುದು ಮೇಲ್ನೋಟಕ್ಕೆ ಅಂಗಡಿಯ ಪ್ರಶ್ನೆ. ಬೆಲೆ ಎಷ್ಟು, ಬಾಳಿಕೆ ಎಷ್ಟು, ಒಳ್ಳೆಯದು ಎಲ್ಲಿ ಸಿಗುತ್ತದೆ, ಇಷ್ಟು ತಿಳಿದರೆ ಮುಗಿಯಿತು ಎಂದುಕೊಳ್ಳುತ್ತೇವೆ. ಸ್ವಲ್ಪ ನಿಂತು ಯೋಚಿಸಿದರೆ ಅದರ ಹಿಂದೆ ಇನ್ನೊಂದು ಪ್ರಶ್ನೆ ಕಾಣುತ್ತದೆ. ನಾವು ಕೊಡಿಸುವ ವಾದ್ಯ ಮಗುವಿಗೋ, ನಮಗೋ?

ಮಂಡ್ಯ ಮತ್ತು ಮದ್ದೂರಿನ ನಡುವಿನ ಹನಕೆರೆಯಂಥ ಊರಿನಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಕಬ್ಬಿನ ದುಡ್ಡು ಕೈಗೆ ಬರುವ ಮೊದಲೇ ಹತ್ತು ಖರ್ಚುಗಳು ಬಾಗಿಲಲ್ಲಿ ನಿಂತಿರುತ್ತವೆ. ಅಲ್ಲಿನ ಒಂದು ಮನೆಯ ಹತ್ತು ವರ್ಷದ ಹುಡುಗಿ ಕರ್ನಾಟಕ ಸಂಗೀತದ ಪಾಠಕ್ಕೆ ಮಂಡ್ಯಕ್ಕೆ ಹೋಗುತ್ತಿದ್ದಳು. ತಂದೆಗೆ ಟಿ.ವಿ.ಯಲ್ಲಿ ಕಂಡ ಕೀಬೋರ್ಡಿನ ಮೇಲೆ ಕಣ್ಣು. ತಾಯಿಗೆ ವೀಣೆಯೇ ಬೇಕು. ತಾನು ಕಲಿಯಲು ಹೊರಟು, ಮದುವೆಯಾಗಿ ಬಿಟ್ಟ ವಾದ್ಯ ಅದು. ಇಬ್ಬರ ವಾದವನ್ನು ಕೇಳುತ್ತ ಕುಳಿತಿದ್ದ ಅಜ್ಜಿ, “ಮಗೀನ ಯಾರಾರ ಕೇಳಿದ್ರೇನವ್ವ?” ಎಂದರಂತೆ.

ಹಾಗೆಂದು ಎಲ್ಲವನ್ನೂ ಮಗುವಿನ ಇಚ್ಛೆಗೇ ಬಿಡಬಹುದೆ? ಮಗುವಿಗೆ ವಾದ್ಯದ ಗುಣ ತಿಳಿಯದು, ತಿಳಿದುಕೊಳ್ಳಬೇಕಾದವರು ನಾವು. ಪಿಯಾನೊ, ಕೀಬೋರ್ಡುಗಳಲ್ಲಿ ಒಂದು ಸ್ಥಾಯಿಗೆ ಹನ್ನೆರಡು ಮನೆಗಳು. ಪ್ರತಿ ಮನೆಗೂ ಒಂದೇ ಸ್ವರ, ಅದು ಕದಲುವುದಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಅದೇ ಬಲ. ನಮ್ಮ ಸಂಗೀತದ ಜೀವವಾದ ಗಮಕಕ್ಕೋ ಸ್ವರ ತೂಗಬೇಕು, ಜಾರಬೇಕು. ವೀಣೆಯ 24 ಮೆಟ್ಟಿಲುಗಳ ಮೇಲೆ ತಂತಿಯನ್ನು ಎಳೆದರೆ ಸ್ವರ ಬಾಗುತ್ತದೆ. ಪಿಟೀಲಿನಲ್ಲಿ ಮೆಟ್ಟಿಲೇ ಇಲ್ಲ, ಬೆರಳು ಹೋದಲ್ಲಿ ಸ್ವರ. ಮಕ್ಕಳ ಕೈಯಳತೆಗೆ ಚಿಕ್ಕ ಪಿಟೀಲುಗಳೂ ಸಿಗುತ್ತವೆ. ಪಿಯಾನೊ ಕಲಿಯುವ ಮಗುವಿಗಾದರೆ ಹಗುರ ಮನೆಗಳ ಆಟಿಕೆ ಸಾಲದು, ಬೆರಳಿಗೆ ಭಾರ ಸಿಗುವ 88 ಮನೆಗಳ ವಾದ್ಯ ಬೇಕು. ಇಷ್ಟನ್ನು ಗುರುಗಳನ್ನು ಕೇಳಿ ತಿಳಿಯುವುದು ಹಿರಿಯರ ಕೆಲಸ. ಯಾವ ನಾದ ಕೇಳಿದಾಗ ಮಗು ಆಟ ಬಿಟ್ಟು ತಿರುಗಿ ನೋಡುತ್ತದೆ ಎಂಬುದನ್ನು ಮಾತ್ರ ಮಗುವಿನಿಂದಲೇ ತಿಳಿಯಬೇಕು.

ಆದರೂ ಮುಂದಿನದು ನಮ್ಮ ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮ ಸೀಮೆಯನ್ನು ಆಳಿದ ಜಯಚಾಮರಾಜ ಒಡೆಯರ ಕಥೆ ನೋಡಿ. ಅವರಿಗೆ ಪಿಯಾನೊ ಎಂದರೆ ಪ್ರಾಣ. 1940ರಲ್ಲಿ ಮೊದಲು ತಂದೆ, ಆಮೇಲೆ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡು, 21ರ ಹರೆಯದಲ್ಲೇ ಸಿಂಹಾಸನ ಏರಬೇಕಾಯಿತು. ಅರಮನೆಯಲ್ಲಿ ಉತ್ತಮ ವಾದ್ಯಕ್ಕೆ ಕೊರತೆಯಿರಲಿಲ್ಲ, ಪಿಯಾನೊ ವಾದಕನ ಬಾಳು ಮಾತ್ರ ಅವರದಾಗಲಿಲ್ಲ. ಆಮೇಲೆ ಅವರು ಕರ್ನಾಟಕ ಸಂಗೀತದ ಕಡೆ ತಿರುಗಿ 90ಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು. ಮೊದಲು ಕಲಿತದ್ದು ವ್ಯರ್ಥವಾಯಿತೆಂದು ಯಾರು ಹೇಳಬಲ್ಲರು? ಕಿವಿ ಒಮ್ಮೆ ಎಚ್ಚೆತ್ತರೆ ಮತ್ತೆ ಮಲಗುವುದಿಲ್ಲ.

ನಮ್ಮ ಮನೆಗಳಲ್ಲಿ ಹುಡುಗಿಯ ವಿದ್ಯೆಗೆ ಇನ್ನೂ ಒಂದು ಹೊರೆ ಇತ್ತು. ಹೆಣ್ಣು ನೋಡಲು ಬಂದವರ ಮುಂದೆ ಚಾಪೆ ಹಾಸಿ ಒಂದು ಕೀರ್ತನೆ ಹಾಡಿಸುತ್ತಿದ್ದ ಕಾಲವನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಮದುವೆ ಗೊತ್ತಾದ ಮೇಲೆ ವಾದ್ಯಕ್ಕೆ ಬಟ್ಟೆ ಮುಚ್ಚಿ ಅಟ್ಟಕ್ಕೆ ಸೇರಿಸಿದ್ದನ್ನೂ ಕಂಡಿದ್ದೇವೆ. ಈಗ ಚಾಪೆಯ ಜಾಗಕ್ಕೆ ಶಾಲೆಯ ವೇದಿಕೆ, ಸ್ಪರ್ಧೆಯ ಬಹುಮಾನ ಬಂದಿವೆ. ಮಗು ನುಡಿಸುವುದು ಆಗಲೂ ಬೇರೆಯವರ ಮೆಚ್ಚುಗೆಗೆ, ಈಗಲೂ ಬೇರೆಯವರ ಮೆಚ್ಚುಗೆಗೆ.

ಕೊಡುವುದರಲ್ಲಿ ಎರಡು ಬಗೆ. ಕೊಟ್ಟು ಮರೆಯುವುದು ಒಂದು, ಕೊಟ್ಟು ಲೆಕ್ಕ ಬರೆಯುವುದು ಇನ್ನೊಂದು. “ಅಷ್ಟು ಸಾವಿರ ಸುರಿದಿದ್ದೇವೆ, ಈಗ ಬೇಡ ಅಂತೀಯಾ?” ಎಂದ ಗಳಿಗೆಯಲ್ಲಿ ವಾದ್ಯ ಸಾಲದ ಪತ್ರವಾಗುತ್ತದೆ. ಮಗು ಆಮೇಲೆ ನುಡಿಸುವುದು ರಾಗವನ್ನಲ್ಲ, ಬಡ್ಡಿಯನ್ನು. ಬೇಸರ ಬಂದ ದಿನವೂ ಅಭ್ಯಾಸಕ್ಕೆ ಕೂರಿಸುವುದು ತಪ್ಪಲ್ಲ, ಶಿಸ್ತಿಲ್ಲದೆ ಯಾವ ವಿದ್ಯೆಯೂ ಬಾರದು. ಆದರೆ ವರ್ಷ ಕಳೆದರೂ ಮಗುವಿನ ಮುಖ ಅರಳದಿದ್ದರೆ, “ಸಾಕು” ಎನ್ನುವ ಹಕ್ಕು ಅದಕ್ಕೆ ಇರಬೇಕು. ಅದಕ್ಕೇ ಮೊದಲಿಗೆ ಎರವಲು ತಂದ ವಾದ್ಯವೋ, ಯಾರೋ ಬಳಸಿದ ಹಳೆಯದೋ ಸಾಕು. ಶ್ರುತಿ ಸರಿಯಾಗಿ ನಿಲ್ಲಬೇಕು, ಕೈಯಳತೆಗೆ ಒಗ್ಗಬೇಕು, ಅಷ್ಟೆ. ಬೆಲೆ ಕಡಿಮೆಯಾದಷ್ಟೂ ಋಣವೂ ಕಡಿಮೆ.

ಹಾಗಾದರೆ ತಾಯಿಯ ಆಸೆ ತಪ್ಪೆ? ಖಂಡಿತ ಅಲ್ಲ. ಕೈಗೂಡದ ಆಸೆಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅದನ್ನು ಮಗಳ ಮಡಿಲಿನಲ್ಲಿ ಇಡುವ ಬದಲು ನಮ್ಮ ಮಡಿಲಿನಲ್ಲೇ ಇಟ್ಟುಕೊಳ್ಳಬಹುದಲ್ಲ? ನಲವತ್ತರ ಬೆರಳಿಗೂ ಸರಳೆ ವರಸೆ ಬರುತ್ತದೆ, ನಿಧಾನವಾಗಿ ಬರುತ್ತದೆ ಅಷ್ಟೆ. ಅಮ್ಮ ತನಗಾಗಿ ನುಡಿಸುವುದನ್ನು ಕಂಡ ಮಗು, ಸಂಗೀತವೆಂದರೆ ಯಾರಿಗೂ ತೀರಿಸಬೇಕಾದ ಬಾಕಿಯಲ್ಲ ಎಂಬುದನ್ನು ಯಾರೂ ಹೇಳದೆಯೇ ಕಲಿಯುತ್ತದೆ.