ಯಾರೂ ಕಾಣದ ಶಿಖರ

ದಕ್ಷಿಣ ಧ್ರುವದ ಅಂಟಾರ್ಕ್ಟಿಕ ಖಂಡದಲ್ಲಿ ವಿನ್ಸನ್ ಎಂಬ ಪರ್ವತವುಂಟು. ಅದರ ಎತ್ತರವು 4,892 ಮೀಟರು. ಆ ಖಂಡದಲ್ಲಿ ಅದಕ್ಕಿಂತ ಉನ್ನತವಾದದ್ದಿಲ್ಲ. 1935ರಲ್ಲಿ ಎಲ್ಸ್‌ವರ್ತ್ ಎಂಬವರು ವಿಮಾನದಿಂದ ಆ ಶ್ರೇಣಿಯನ್ನು ಕಂಡರೂ ಈ ಶಿಖರವು ಅವರಿಗೆ ಕಾಣಲಿಲ್ಲ. 1958ರಲ್ಲಿ ಅಮೇರಿಕದ ವೈಮಾನಿಕರು ಅದನ್ನು ಕಂಡರು. 1966ರಲ್ಲಿ ಮನುಷ್ಯರು ಮೊದಲನೆಯ ಸಾರಿ ಅದನ್ನೇರಿದರು. ಶಾಸನಸಭೆಯ ಸದಸ್ಯರೊಬ್ಬರ ಹೆಸರನ್ನು ಅದಕ್ಕಿಟ್ಟಿದ್ದಾರೆ. ಹೆಸರಿಡುವದರಲ್ಲಿ ಮನುಷ್ಯನು ತಡಮಾಡುವವನಲ್ಲ!

ಅದುವರೆಗೆ ಆ ಹಿಮವು ಯಾರಿಗಾಗಿ ಹೊಳೆಯಿತು? ನೋಡುವವರಿಲ್ಲದ ಸೌಂದರ್ಯವು ವ್ಯರ್ಥವೋ? ನಿರ್ಜನವಾದ ದೇಶದಲ್ಲಿ ಮಳೆ ಸುರಿಸುವವನು ಯಾರೆಂದು ದೇವರು ಯೋಬನನ್ನು ಕೇಳಿದ್ದು ನಮ್ಮ ನೆನಪಿಗೆ ಬರುತ್ತದೆ. ಸೃಷ್ಟಿಕರ್ತನು ನೋಡುತ್ತಿದ್ದನು, ಆ ಶಿಖರಕ್ಕೆ ಅಷ್ಟು ಸಾಕಾಗಿತ್ತು. ನಮಗೆ ಸಾಕಾಗುವದೋ? ಸಭೆಯವರ ಮುಂದೆ ಧಾರಾಳವಾಗಿ ಕಾಣಿಕೆ ಹಾಕುವ ನಮ್ಮ ಕೈಯು, ಕತ್ತಲಾದ ಮೇಲೆ ನೆರೆಮನೆಯ ವಿಧವೆಗೆ ಒಂದು ಸೇರು ಅಕ್ಕಿಯನ್ನು ಒಯ್ಯಲು ಹಿಂಜರಿಯುವದೇಕೆ?