ಇಂದಿನ ಧಮ್ಮ ಚಿಂತನೆ: ಗ್ಯಾಸ್ ಎಲ್ಲಿಂದ ಹೋಯಿತು?



ಗೆಂಡೆಹಳ್ಳಿಯ ಉಪಾಸಕರೊಬ್ಬರ ಕಾರಿನ ಎ.ಸಿ. ವಾರಂಟಿ ಮುಗಿದ ಮರುತಿಂಗಳೇ ಕೆಟ್ಟಿತು. ಕಂಪ್ರೆಸರ್ ಬದಲಿಸಲು ₹38,000 ಎಂದರಂತೆ. ಸಾಲದ ಕಾರು. "ಎಲ್ಲವೂ ಅನಿತ್ಯ, ಬಿಡಿ ಸಾರ್" ಎಂದು ಯಾರೋ ಸಮಾಧಾನ ಹೇಳಿದರು. ನನಗೆ ಈ ಮಾತು ಒಪ್ಪಿಗೆಯಿಲ್ಲ.

ಅನಿತ್ಯ ಎಂದರೆ ಕೇಳಿದಷ್ಟು ದುಡ್ಡು ಕೊಟ್ಟು ಸುಮ್ಮನಿರುವುದಲ್ಲ. ಕಾರಣವಿಲ್ಲದೆ ಯಾವುದೂ ಆಗದು ಎಂಬುದೇ ಭಗವಾನರ ಬೋಧೆ. ಎ.ಸಿ. ಗ್ಯಾಸ್ ಪೆಟ್ರೋಲಿನಂತೆ ಉರಿದು ಖಾಲಿಯಾಗುವುದಿಲ್ಲ, ಮುಚ್ಚಿದ ಪೈಪಿನೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸಿದರೆ ಅದೂ ಸೋರುತ್ತದೆ. ಎಸ್ಟಿಮೇಟ್ ಬರೆಸಿಕೊಳ್ಳಿ, ಬಿಚ್ಚಿದ ಹಳೆಯ ಪಾರ್ಟ್ ಕೇಳಿ ಪಡೆಯಿರಿ, ಇನ್ನೊಬ್ಬ ಮೆಕ್ಯಾನಿಕ್‌ಗೂ ತೋರಿಸಿ. ತಯಾರಿಕೆಯದೇ ದೋಷವಾದರೆ ಹಾಸನದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ದೂರಿಗೆ 2 ವರ್ಷದ ಗಡುವು. ಬಾಬಾಸಾಹೇಬರ ಮಕ್ಕಳು ಅರ್ಜಿ ಬರೆಯಲು ಅಂಜಬೇಕೇ?

ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿ ಎರಡು ಬಾಣಗಳ ಮಾತಿದೆ. ರಿಪೇರಿಯ ಬಿಲ್ಲು ಮೊದಲ ಬಾಣ. ಆ ಸಿಟ್ಟನ್ನು ಗ್ಯಾರೇಜಿನ ಹುಡುಗನ ಮೇಲೆ, ಆಮೇಲೆ ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೆ ಕಾರುವುದು ಎರಡನೆಯದು. ಅದನ್ನು ನಾವೇ ಹೊಡೆದುಕೊಳ್ಳುತ್ತೇವೆ.

ಸಿಗಾಲೋವಾದ ಸುತ್ತ ಗಳಿಕೆಯಲ್ಲಿ ಕಾಲು ಪಾಲನ್ನು ಆಪತ್ತಿಗೆಂದು ಎತ್ತಿಡಲು ಹೇಳುತ್ತದೆ. ನಮ್ಮ ಸಂಬಳದಲ್ಲಿ ಅಷ್ಟು ಉಳಿಯದು, ನಿಜ. ಕಾರಿನ ಕಂತು ಕಟ್ಟುವ ದಿನವೇ ₹500 ಬೇರೆ ತೆಗೆದಿಡಲು ಆದೀತೇ, ಇಂದು ಮನೆಯವರೊಡನೆ ಕೂತು ಲೆಕ್ಕ ಹಾಕಿ ನೋಡಿ.

ಜೈ ಭೀಮ್.